ದಿನದ ಅಲೆ ಸೂತ್ರಕ್ಕೆ ಸಿಗದಿದ್ದಾಗ: ಭೂಕಾಂತ ಕ್ಷೇತ್ರದ ದೈನಿಕ ವ್ಯತ್ಯಯದ ಮಾದರಿಗೆ ದೋಷ ನಿವಾರಣೆ ಕೈಪಿಡಿ

ಮುಂಬೈ ಬಳಿಯ ಅಲಿಬಾಗ್ ಭೂಕಾಂತ ವೀಕ್ಷಣಾಲಯದ ಒಂದು ತಿಂಗಳ ದತ್ತಾಂಶ ನಿಮ್ಮ ಕೈಯಲ್ಲಿದೆ, ಗಂಟೆಗೊಂದು ಅಂಕಿ. 24, 12, 8 ಮತ್ತು 6 ಗಂಟೆಗಳ ನಾಲ್ಕು ಅಲೆಗಳನ್ನು ಕನಿಷ್ಠ ವರ್ಗ ವಿಧಾನದಲ್ಲಿ, ಅಂದರೆ ವ್ಯತ್ಯಾಸಗಳ ವರ್ಗಗಳ ಮೊತ್ತ ಕನಿಷ್ಠವಾಗುವಂತೆ, ಹೊಂದಿಸಿದ್ದೀರಿ. ಅಳತೆಯಿಂದ ಮಾದರಿಯನ್ನು ಕಳೆದ ಮೇಲೆ ಬರೀ ಗದ್ದಲ ಉಳಿಯಬೇಕಿತ್ತು, ಆದರೆ ಅಲ್ಲೂ ಏರಿಳಿತದ ಒಂದು ವಿನ್ಯಾಸ ಕಾಣುತ್ತಿದೆ. ಅಥವಾ ಉಳಿಕೆ ಚೊಕ್ಕವಾಗಿಯೇ ಇದೆ, ಗುಣಾಂಕಗಳು ಮಾತ್ರ ಪಕ್ಕದ ಕೇಂದ್ರದ ಜೊತೆ ತಾಳೆಯಾಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಬಹುತೇಕರು ಐದನೆಯ, ಆರನೆಯ ಅಲೆಯನ್ನು ಸೇರಿಸಿಬಿಡುತ್ತಾರೆ. ದಯವಿಟ್ಟು ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಪದಗಳು ಹೆಚ್ಚಿದಂತೆ ಉಳಿಕೆ ಕುಗ್ಗುವುದು ಖಂಡಿತ. ಆದರೆ ದೋಷ ಎಲ್ಲೂ ಹೋಗಿರುವುದಿಲ್ಲ, ಗುಣಾಂಕಗಳ ಒಳಗೆ ಅಡಗಿ ಕೂತಿರುತ್ತದೆ. ಆಮೇಲೆ ಅದನ್ನು ಹೊರಗೆಳೆಯುವುದು ಇನ್ನೂ ಕಷ್ಟ.

ಈ ಕೆಲಸದ ನಿಜವಾದ ತೊಡಕು ಬೇರೆಯೇ ಇದೆ. ದಿನಕ್ಕೊಮ್ಮೆ ಮರುಕಳಿಸುವುದು ಅಯಾನುಗೋಳದ, ಅಂದರೆ ವಾತಾವರಣದ ಮೇಲ್ಭಾಗದಲ್ಲಿ ಅಯಾನುಗಳಿರುವ ಪದರದ, ವಿದ್ಯುತ್ತು ಮಾತ್ರವಲ್ಲ. ಉಪಕರಣದ ಕೋಣೆಯ ತಾಪಮಾನ, ರೈಲುಗಳ ವೇಳಾಪಟ್ಟಿ, ಊರಿನ ವಿದ್ಯುತ್ ಬಳಕೆ ಎಲ್ಲಕ್ಕೂ 24 ಗಂಟೆಯದೇ ಆವರ್ತ. ಹಾಗಾಗಿ 24 ಗಂಟೆಯ ಅಲೆ ಸಿಕ್ಕಿತು ಎಂಬುದು ಯಾವುದಕ್ಕೂ ಸಾಕ್ಷಿಯಾಗದು. ನಾಲ್ಕು ಅಲೆಗಳ ಎತ್ತರ ಒಂದಕ್ಕೊಂದು ಯಾವ ಅನುಪಾತದಲ್ಲಿದೆ, ಅವುಗಳ ಫೇಸ್, ಅಂದರೆ ಅಲೆಯ ಗರಿ ಬೀಳುವ ಜಾಗ, ಎಷ್ಟೆಷ್ಟು ಸರಿದಿದೆ ಎಂಬುದನ್ನು ನೋಡಬೇಕು. ಒಂದೊಂದು ದೋಷವೂ ಅಲ್ಲಿ ತನ್ನದೇ ಗುರುತು ಬಿಡುತ್ತದೆ. ಈ ಕೈಪಿಡಿ ಇರುವುದು ಆ ಗುರುತುಗಳನ್ನು ಓದಲು.

ದೋಷವಿಲ್ಲದ ಅಲೆ ಹೇಗಿರುತ್ತದೆ

ದಿಕ್ಸೂಚಿಯ ಮುಳ್ಳು ದಿನವಿಡೀ ಅಷ್ಟಿಷ್ಟು ಸರಿದಾಡುತ್ತದೆ ಎಂಬುದನ್ನು ಮೊದಲು ಗುರುತಿಸಿದವರು ಲಂಡನ್ನಿನ ಗಡಿಯಾರ ತಯಾರಕ ಜಾರ್ಜ್ ಗ್ರಹಾಮ್, 1722ರಲ್ಲಿ. ಆ ಸರಿದಾಟಕ್ಕೆ ಕಾರಣ ನೆಲದಿಂದ ಸುಮಾರು 100 ಕಿ.ಮೀ. ಮೇಲೆ ಹರಿಯುವ ವಿದ್ಯುತ್ತು. ಬಿಸಿಲು ಅಲ್ಲಿನ ವಾಯುವನ್ನು ಅಯಾನುಗಳಾಗಿ ಒಡೆಯುತ್ತದೆ, ಬಿಸಿಲಿನಿಂದಲೇ ಏಳುವ ಗಾಳಿ ಆ ಅಯಾನುಗಳನ್ನು ಭೂಕಾಂತ ಕ್ಷೇತ್ರಕ್ಕೆ ಅಡ್ಡಲಾಗಿ ತಳ್ಳುತ್ತದೆ, ಡೈನಮೊ ನಡೆಯುತ್ತದೆ. ಈ ವಿವರಣೆಯನ್ನು 1882ರಲ್ಲಿ ಮುಂದಿಟ್ಟವರು ಬಾಲ್ಫರ್ ಸ್ಟೀವರ್ಟ್. ರಾತ್ರಿ ಅಯಾನುಗಳು ತೀರಾ ಕಡಿಮೆಯಾಗಿ ಆ ಎತ್ತರದಲ್ಲಿ ವಿದ್ಯುತ್ತು ಬಹುಮಟ್ಟಿಗೆ ನಿಂತುಬಿಡುತ್ತದೆ. ಆದ್ದರಿಂದ ಶಾಂತ ದಿನದ, ಅಂದರೆ ಸೂರ್ಯನ ಚಟುವಟಿಕೆಯಿಂದ ಏಳುವ ಕಾಂತೀಯ ಬಿರುಗಾಳಿ ಇಲ್ಲದ ದಿನದ, ಅಲೆ ಹಗಲಲ್ಲಿ ಉಬ್ಬಿ ರಾತ್ರಿಯಲ್ಲಿ ಚಪ್ಪಟೆಯಾಗಿರುತ್ತದೆ. ಬಲ್ಲವರು ಇದನ್ನು ಎಸ್‌ಕ್ಯೂ ಎನ್ನುತ್ತಾರೆ.

ಅಲಿಬಾಗ್‌ನಲ್ಲಿ ಕ್ಷೇತ್ರದ ಸಮತಲ ಘಟಕ ಎಚ್ ಸುಮಾರು 38,000 ನ್ಯಾನೊಟೆಸ್ಲಾ (ಕಾಂತ ಕ್ಷೇತ್ರದ ಬಲವನ್ನು ಅಳೆಯುವ ಮಾನ). ಶಾಂತ ದಿನದಲ್ಲಿ ಸ್ಥಳೀಯ ಕಾಲ 11ರ ಆಸುಪಾಸಿಗೆ ಅದು ರಾತ್ರಿಯ ಮಟ್ಟಕ್ಕಿಂತ ಸುಮಾರು 40–50 ನ್ಯಾನೊಟೆಸ್ಲಾ ಏರುತ್ತದೆ. ಅಂದರೆ ನಾವು ಹಿಡಿಯಲು ಹೊರಟಿರುವುದು ಒಟ್ಟು ಕ್ಷೇತ್ರದ ಸಾವಿರದಲ್ಲೊಂದು ಪಾಲನ್ನು. ತಿರುನೆಲ್ವೇಲಿಯಲ್ಲಿ ಅದೇ ಏರಿಕೆ ನೂರರ ಹತ್ತಿರ ಹೋಗುತ್ತದೆ, ಕಾರಣ ಮುಂದೆ ಬರುತ್ತದೆ. ದಿಕ್ಪಾತ ಡಿ, ಅಂದರೆ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಸರಿದಿರುವ ಕೋನ, ಉತ್ತರಾರ್ಧ ಗೋಳದಲ್ಲಿ ಬೆಳಿಗ್ಗೆ ಪೂರ್ವಕ್ಕೆ, ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ ವಾಲುತ್ತದೆ. ಡಿ ಯನ್ನು ಕಲೆಗಳಲ್ಲಿ, ಅಂದರೆ ಡಿಗ್ರಿಯ ಅರವತ್ತನೇ ಪಾಲುಗಳಲ್ಲಿ ಕೊಟ್ಟಿದ್ದರೆ ಅದನ್ನು ಎಚ್‌ನಿಂದ ಗುಣಿಸಿ 3438ರಿಂದ ಭಾಗಿಸಿ. ಅಲಿಬಾಗ್‌ನಲ್ಲಿ ಒಂದು ಕಲೆ ಎಂದರೆ ಸುಮಾರು 11 ನ್ಯಾನೊಟೆಸ್ಲಾ.

ಸೂತ್ರ ಹೀಗಿದೆ:

ಎಚ್(ಕಾ) = ಎಚ್₀ + ಅ₁ ಕೊಸೈನ್(15°·ಕಾ) + ಬ₁ ಸೈನ್(15°·ಕಾ) + ಅ₂ ಕೊಸೈನ್(30°·ಕಾ) + ಬ₂ ಸೈನ್(30°·ಕಾ) + …

ಕಾ ಎಂದರೆ ಗಂಟೆಗಳಲ್ಲಿ ಸ್ಥಳೀಯ ಕಾಲ. ನಾಲ್ಕನೆಯ ಪದದವರೆಗೆ, ಅಂದರೆ 60°·ಕಾ ವರೆಗೆ ಹೋಗುವುದು ವಾಡಿಕೆ. ಇಷ್ಟೇ ಪದಗಳಿಂದ ರಾತ್ರಿಯ ಚಪ್ಪಟೆ ಗೆರೆಯನ್ನು ಪೂರ್ತಿ ಹಿಡಿಯಲು ಬಾರದು. ರಾತ್ರಿಯ ಮಾದರಿಯಲ್ಲಿ ಒಂದೆರಡು ನ್ಯಾನೊಟೆಸ್ಲಾ ಪುಟ್ಟ ಅಲೆಗಳು ಕಂಡರೆ ಗಾಬರಿ ಬೇಡ, ಅದು ಸರಣಿಯನ್ನು ಕತ್ತರಿಸಿದ್ದರ ಫಲ.

ಲೆಕ್ಕಕ್ಕೆ ಮೊದಲು ಫೈಲು ನೋಡಿ

ಅಲೆಯ ಎತ್ತರ ಸಾವಿರಗಳಲ್ಲಿ ಬಂದಿದ್ದರೆ ಫೈಲಿನಲ್ಲಿ 99999 ಹುಡುಕಿ. ವೀಕ್ಷಣಾಲಯಗಳ ಫೈಲುಗಳಲ್ಲಿ ಅಳತೆ ತಪ್ಪಿಹೋದ ಜಾಗಕ್ಕೆ ಆ ಅಂಕಿಯನ್ನು ತುಂಬಿರುತ್ತಾರೆ. ಅಳೆಯದೇ ಇದ್ದ ಘಟಕಕ್ಕೆ 88888 ಇರುತ್ತದೆ. ಅವನ್ನು ತೆಗೆದ ಮೇಲೆ ಇನ್ನೊಂದು ವಿಷಯ ನೆನಪಿರಲಿ. ದಿನದ 24 ಅಂಕಿಗಳಲ್ಲಿ ಕೆಲವು ಇಲ್ಲವಾದರೆ ಸೈನ್, ಕೊಸೈನ್‌ಗಳ ನಡುವಣ ಲಂಬತ್ವ, ಅಂದರೆ ಒಂದರ ಲೆಕ್ಕ ಇನ್ನೊಂದಕ್ಕೆ ಬೆರೆಯದ ಗುಣ, ಕೆಡುತ್ತದೆ. ಆಗ ಬರೀ ಗುಣಿಸಿ ಕೂಡಿಸುವ ಹಳೆಯ ವಿಧಾನ ನಡೆಯುವುದಿಲ್ಲ, ಕನಿಷ್ಠ ವರ್ಗವೇ ಬೇಕು.

ದಿನದ ಅಲೆಯನ್ನು ಅಂತರರಾಷ್ಟ್ರೀಯ ಭೂಕಾಂತ ಆಧಾರ ಕ್ಷೇತ್ರದ ಮಾದರಿಯಿಂದ, ಅಂದರೆ ಐಜಿಆರ್‌ಎಫ್‌ನಿಂದ ಕಳೆಯಬಹುದು ಎಂದುಕೊಂಡು ತಲೆಕೆಡಿಸಿಕೊಂಡವರನ್ನೂ ನೋಡಿದ್ದೇನೆ. ಐಜಿಆರ್‌ಎಫ್ ಭೂಗರ್ಭದಿಂದ ಬರುವ ಮುಖ್ಯ ಕ್ಷೇತ್ರವನ್ನು ವಿವರಿಸುತ್ತದೆ, ಐದು ವರ್ಷಕ್ಕೊಮ್ಮೆ ನವೀಕರಣಗೊಳ್ಳುತ್ತದೆ. ದಿನದ ಅಲೆ ಅದರಲ್ಲಿ ಇಲ್ಲವೇ ಇಲ್ಲ.

ದಿನಗಳ ಆಯ್ಕೆಯನ್ನೂ ಇಲ್ಲೇ ಪರೀಕ್ಷಿಸಿ. ಪಾಟ್ಸ್‌ಡ್ಯಾಮ್‌ನ ಜಿಎಫ್‌ಝಡ್ ಸಂಸ್ಥೆ ಪ್ರತಿ ತಿಂಗಳ ಅತಿ ಶಾಂತ ದಿನಗಳನ್ನು ಭೂಕಾಂತ ಕ್ಷೇತ್ರದ ಕದಡಿಕೆಯನ್ನು ಅಳೆಯುವ ಕೆಪಿ ಸೂಚ್ಯಂಕದ ಆಧಾರದಲ್ಲಿ ಗುರುತಿಸಿ ಪ್ರಕಟಿಸುತ್ತದೆ. ಆದರೆ ಅದು ಆ ತಿಂಗಳ ಮಟ್ಟಿಗೆ ಮಾತ್ರ ಶಾಂತ. ತಿಂಗಳೇ ಕದಡಿದ್ದರೆ ಅದರ ಐದನೆಯ ಶಾಂತ ದಿನವೂ ಕದಡಿರುತ್ತದೆ. ಜೊತೆಗೆ ಆ ದಿನಗಳೆಲ್ಲ ವಿಶ್ವ ಕಾಲದ ದಿನಗಳು, ನಮ್ಮಲ್ಲಿ ಬೆಳಿಗ್ಗೆ 5:30ಕ್ಕೆ ಶುರುವಾಗುತ್ತವೆ. ನಮ್ಮ ಮಧ್ಯರಾತ್ರಿಯಿಂದ ಬೆಳಗಿನವರೆಗಿನ ಭಾಗ ಹಿಂದಿನ ದಿನಕ್ಕೆ ಸೇರಿದ್ದು, ಆ ಹಿಂದಿನ ದಿನ ಶಾಂತವಾಗಿರದೆ ಇರಬಹುದು. ಕಾಂತೀಯ ಬಿರುಗಾಳಿಯ ಒಂದೇ ದಿನ ನುಸುಳಿದರೂ ಸಾಕು, ಕನಿಷ್ಠ ವರ್ಗ ವಿಧಾನ ದೊಡ್ಡ ವಿಚಲನೆಗೆ ಅತಿಯಾದ ಬೆಲೆ ಕೊಡುತ್ತದೆ. 1859ರ ಸೆಪ್ಟೆಂಬರ್ 2ರಂದು ಮುಂಬೈನ ಕೊಲಾಬಾದಲ್ಲಿ ಎಚ್ ಸುಮಾರು 1,600 ನ್ಯಾನೊಟೆಸ್ಲಾ ಕುಸಿದಿತ್ತು. ಸಾಧಾರಣ ಬಿರುಗಾಳಿಯ ನೂರಿನ್ನೂರು ನ್ಯಾನೊಟೆಸ್ಲಾ ಕುಸಿತವೇ 40ರ ಅಲೆಯನ್ನು ಮುಳುಗಿಸಲು ಧಾರಾಳವಾಯಿತು.

ಫೇಸ್ ಸರಿದಿದೆ: ಗಡಿಯಾರದ ದೋಷ

ನನ್ನ ಅನುಭವದಲ್ಲಿ ಅತಿ ಹೆಚ್ಚು ಕಾಣಸಿಗುವ ದೋಷ ಇದೇ. ಕಂಡುಹಿಡಿಯಲು ಅತಿ ಸುಲಭವಾದದ್ದೂ ಇದೇ. ಕಾಲ ಒಂದಿಷ್ಟು ನಿಮಿಷ ತಪ್ಪಾಗಿದ್ದರೆ ನಾಲ್ಕೂ ಅಲೆಗಳು ಅಷ್ಟೇ ನಿಮಿಷ ಸರಿಯುತ್ತವೆ, ಆದರೆ ಡಿಗ್ರಿಗಳಲ್ಲಿ ನೋಡಿದಾಗ ಆ ಸರಿತ 1, 2, 3, 4ರ ಅನುಪಾತದಲ್ಲಿ ಬೆಳೆಯುತ್ತದೆ. ಅಲೆಗಳ ಎತ್ತರದಲ್ಲಿ ಏನೂ ಬದಲಾಗಿರುವುದಿಲ್ಲ. ಎತ್ತರ ಸರಿ, ಫೇಸ್ ವ್ಯತ್ಯಾಸ ಮೆಟ್ಟಿಲು ಮೆಟ್ಟಿಲಾಗಿ ಏರಿದೆ ಎಂದಾದರೆ ಬೇರೇನೂ ಹುಡುಕಬೇಡಿ.

ಎಷ್ಟು ಸರಿದಿದೆ ಎಂಬುದೇ ಎಲ್ಲಿ ತಪ್ಪಾಗಿದೆ ಎಂದು ಹೇಳಿಬಿಡುತ್ತದೆ. ಭಾರತೀಯ ಕಾಲಮಾನ 82.5° ಪೂರ್ವ ರೇಖಾಂಶದ್ದು, ಅಲಿಬಾಗ್ ಇರುವುದು 72.87°ರಲ್ಲಿ. ಅಲ್ಲಿನ ಸೌರಕಾಲ ನಮ್ಮ ಗಡಿಯಾರಕ್ಕಿಂತ ಸುಮಾರು 38.5 ನಿಮಿಷ ಹಿಂದೆ. ಇದನ್ನು ಮರೆತಿದ್ದರೆ ನಾಲ್ಕು ಫೇಸ್‌ಗಳು 9.6°, 19.3°, 28.9°, 38.5° ಸರಿದಿರುತ್ತವೆ. ಇನ್ನೊಂದು ಸಾಮಾನ್ಯ ಮೊತ್ತ 7.5°, 15°, 22.5°, 30°. ಇದು ಅರ್ಧ ಗಂಟೆಯ ಸರಿತ: 10ರಿಂದ 11ರವರೆಗಿನ ಸರಾಸರಿ ಸೇರಬೇಕಾದ್ದು 10:30ಕ್ಕೆ, ಯಾರೋ ಅದನ್ನು 10ಕ್ಕೋ 11ಕ್ಕೋ ಬರೆದಿದ್ದಾರೆ. ಗರಿಯೇ ಬೆಳಿಗ್ಗೆ 6ರ ಹೊತ್ತಿಗೆ ಬಂದರೆ ವಿಶ್ವ ಕಾಲವನ್ನು ಸ್ಥಳೀಯವೆಂದು ಓದಿದ್ದೀರಿ. ಸಂಜೆ 5ರ ಹೊತ್ತಿಗೆ ಬಂದರೆ ಐದೂವರೆ ಗಂಟೆಯನ್ನು ಎರಡು ಸಲ ಕೂಡಿಸಿದ್ದೀರಿ.

ಹಲವು ಕೇಂದ್ರಗಳನ್ನು ಒಟ್ಟಿಗೆ ಹೊಂದಿಸುವವರು ಈ ಪರೀಕ್ಷೆಯನ್ನು ಪ್ರತಿ ಕೇಂದ್ರಕ್ಕೂ ಬೇರೆಬೇರೆಯಾಗಿ ಮಾಡಲೇಬೇಕು. ಒಂದು ಕೇಂದ್ರದ ಗಡಿಯಾರ ತಪ್ಪಿದ್ದರೆ ಒಟ್ಟು ಮಾದರಿ ಅದನ್ನು ರೇಖಾಂಶದ ವ್ಯತ್ಯಾಸವೆಂದು ನಂಬಿ ಇಲ್ಲದ ವಿದ್ಯುತ್ ಸುಳಿಯೊಂದನ್ನು ಬರೆದುಕೊಡುತ್ತದೆ.

ಎರಡು ಮಧ್ಯರಾತ್ರಿಗಳು ಸಮವಾಗಿಲ್ಲ

ಫೋರಿಯರ್ ಸರಣಿ, ಅಂದರೆ ಸೈನ್, ಕೊಸೈನ್‌ಗಳ ನಮ್ಮ ಸೂತ್ರ, ದಿನದ ಕೊನೆ ದಿನದ ಮೊದಲಿಗೆ ಬಂದು ಸೇರುತ್ತದೆ ಎಂದು ನಂಬಿಕೊಂಡಿರುತ್ತದೆ. ನಿಜದಲ್ಲಿ ಹಾಗಾಗುವುದು ಅಪರೂಪ. ಬಿರುಗಾಳಿ ಬಂದುಹೋದ ಮೇಲೆ ಭೂಮಿಯನ್ನು ಸುತ್ತುವರಿದ ಉಂಗುರ ವಿದ್ಯುತ್ತು ನಿಧಾನವಾಗಿ ಕ್ಷೀಣಿಸುತ್ತ ಹೋಗುತ್ತದೆ, ಎಚ್ ದಿನದಿಂದ ದಿನಕ್ಕೆ ಮೇಲೇರುತ್ತ ತನ್ನ ಮಟ್ಟಕ್ಕೆ ಮರಳುತ್ತದೆ. ಶಾಂತ ದಿನಗಳನ್ನು ಆರಿಸಿದಾಗ ಇಂಥ ಚೇತರಿಕೆಯ ದಿನಗಳೇ ಹೆಚ್ಚಾಗಿ ಸಿಗುವುದರಿಂದ ಆರಿಸಿದ ದಿನಗಳಲ್ಲಿ ಸಾಮಾನ್ಯವಾಗಿ ಏರುಗತಿಯೇ ಇರುತ್ತದೆ.

ಈ ದೋಷದ ಗುರುತು ಬಹಳ ಸ್ಪಷ್ಟ. ದಿನವಿಡೀ ಒಂದೇ ಸಮನೆ ಏರಿದ ಓರೆಗೆರೆಯನ್ನು ಸರಣಿಯಾಗಿ ಬಿಡಿಸಿದರೆ ಕೊಸೈನ್ ಪದಗಳು ಬರುವುದೇ ಇಲ್ಲ, ಸೈನ್ ಪದಗಳು ಮಾತ್ರ ಬರುತ್ತವೆ, ಅದೂ 1, 1/2, 1/3, 1/4 ಎಂಬ ಅನುಪಾತದಲ್ಲಿ. ಮಧ್ಯರಾತ್ರಿಗಳ ನಡುವೆ 15 ನ್ಯಾನೊಟೆಸ್ಲಾ ಅಂತರವಿದ್ದರೆ ಬ₁, ಬ₂, ಬ₃, ಬ₄ ಕ್ರಮವಾಗಿ ಸುಮಾರು 4.8, 2.4, 1.6, 1.2 ನ್ಯಾನೊಟೆಸ್ಲಾ ಕಡಿಮೆಯಾಗುತ್ತವೆ, ನಾಲ್ಕೂ ಒಂದೇ ದಿಕ್ಕಿಗೆ. ಪಕ್ಕದ ತಿಂಗಳ ಗುಣಾಂಕಗಳನ್ನು ಕಳೆದು ನೋಡಿ. ವ್ಯತ್ಯಾಸ ಸೈನ್‌ನಲ್ಲಿ ಮಾತ್ರ ಇದ್ದು ಹೀಗೆ ಇಳಿಯುತ್ತ ಬಂದಿದ್ದರೆ ಕಾರಣ ಗೊತ್ತಾದಂತೆ.

ಪರಿಹಾರ ಸರಳ. ಮುಂದಿನ ಮಧ್ಯರಾತ್ರಿಯ ಮೌಲ್ಯದಿಂದ ಹಿಂದಿನ ಮಧ್ಯರಾತ್ರಿಯದನ್ನು ಕಳೆಯಿರಿ, ಬಂದ ಅಂತರವನ್ನು (ಕಾ − 12)/24ರಿಂದ ಗುಣಿಸಿ ಆಯಾ ಗಂಟೆಯ ಅಳತೆಯಿಂದ ತೆಗೆಯಿರಿ. ಮಧ್ಯರಾತ್ರಿಯ ಮೌಲ್ಯಕ್ಕೆ ಒಂದೇ ಗಂಟೆಯನ್ನು ನೆಚ್ಚಿಕೊಳ್ಳದೆ ಆಚೀಚೆಯ ಎರಡು ಮೂರು ಗಂಟೆಗಳ ಸರಾಸರಿ ಬಳಸಿ. ಶೂನ್ಯ ಮಟ್ಟವಾಗಿಯೂ ಅದೇ ರಾತ್ರಿಯ ಸರಾಸರಿಯನ್ನು ಇಟ್ಟುಕೊಳ್ಳುವುದು ಭೌತಿಕವಾಗಿ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸೂತ್ರದ ಎಚ್₀ ಇಡೀ ದಿನದ ಸರಾಸರಿ, ಅದರಲ್ಲಿ ಹಗಲಿನ ಉಬ್ಬೂ ಸೇರಿಹೋಗಿರುತ್ತದೆ. ಎರಡು ಕೇಂದ್ರಗಳ ಮಧ್ಯಾಹ್ನದ ಏರಿಕೆಯನ್ನು ಹೋಲಿಸುವಾಗ ಅದನ್ನು ಶೂನ್ಯವೆಂದು ಹಿಡಿದರೆ ಅನುಪಾತವೇ ತಪ್ಪುತ್ತದೆ.

ಸರಾಸರಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಗಂಟೆಯ ಸರಾಸರಿ ತೆಗೆದಾಗ ಅಲೆಗಳ ತುದಿ ತುಸು ಸವೆಯುತ್ತದೆ. ಮೊದಲ ಅಲೆ 0.3%, ಎರಡನೆಯದು 1.1%, ಮೂರನೆಯದು 2.5%, ನಾಲ್ಕನೆಯದು 4.5% ತಗ್ಗುತ್ತದೆ. ನಿಮಿಷದ ದತ್ತಾಂಶದಿಂದ ಮಾಡಿದ ಮಾದರಿಗೂ ಗಂಟೆಯದರಿಂದ ಮಾಡಿದ್ದಕ್ಕೂ ಹೀಗೆ ಮೇಲಿನ ಅಲೆಗಳಲ್ಲಷ್ಟೇ ವ್ಯತ್ಯಾಸ ಬಂದರೆ ಅದು ದೋಷವಲ್ಲ, ಭಾಗಿಸಿ ಸರಿಪಡಿಸಿಕೊಳ್ಳಿ.

ಉಪಕರಣದ ಮೇಲೆ ಅನುಮಾನ

ಫ್ಲಕ್ಸ್‌ಗೇಟ್ ಮ್ಯಾಗ್ನೆಟೊಮೀಟರ್ ಮೂರು ಘಟಕಗಳನ್ನು ಅಳೆಯುತ್ತದೆ, ಆದರೆ ತಾಪಮಾನಕ್ಕೆ ಓಗೊಡುತ್ತದೆ. ಜಾಗತಿಕ ವೀಕ್ಷಣಾಲಯ ಜಾಲವಾದ ಇಂಟರ್‌ಮ್ಯಾಗ್ನೆಟ್ ಒಪ್ಪುವ ಮಿತಿ ಡಿಗ್ರಿ ಸೆಲ್ಸಿಯಸ್‌ಗೆ 0.25 ನ್ಯಾನೊಟೆಸ್ಲಾ. ಅಗ್ಗದ ಸೆನ್ಸರಿನಲ್ಲಿ ಅದು ಡಿಗ್ರಿಗೆ ಒಂದು ನ್ಯಾನೊಟೆಸ್ಲಾ ಇದೆ ಎಂದುಕೊಳ್ಳಿ, ತಗಡಿನ ಸೂರಿನಡಿ ದಿನಕ್ಕೆ 15 ಡಿಗ್ರಿ ಏರಿಳಿದರೆ ಅಲಿಬಾಗ್‌ನ ನಿಜವಾದ ಅಲೆಯ ಮೂರನೇ ಒಂದು ಪಾಲಿನಷ್ಟು ಸುಳ್ಳು ಅಲೆ ಎದ್ದಿರುತ್ತದೆ.

ಗುರುತಿಸುವ ಬಗೆ: ತಾಪಮಾನದ ಅಲೆಯಲ್ಲಿ 24 ಗಂಟೆಯ ಪದವೇ ಪ್ರಧಾನ, ಮೇಲಿನ ಪದಗಳು ಬೇಗ ಕುಗ್ಗುತ್ತವೆ. ಅದರ ಗರಿ ಮಧ್ಯಾಹ್ನ ಕಳೆದ ಮೇಲೆ ಬರುತ್ತದೆ, ದಪ್ಪ ಗೋಡೆಯಿದ್ದರೆ ಸಂಜೆಗೂ ಹೋಗುತ್ತದೆ. ಅಯಾನುಗೋಳದ ಗರಿಯೋ 11ರ ಹತ್ತಿರ. ರಾತ್ರಿಯ ಹೊತ್ತು ಇನ್ನೂ ಒಳ್ಳೆಯ ಸಾಕ್ಷಿ: ಮಧ್ಯರಾತ್ರಿಯಿಂದ ಬೆಳಗಿನ ಜಾವದವರೆಗೆ ಅಯಾನುಗೋಳ ಸುಮ್ಮನಿರುತ್ತದೆ, ಕೋಣೆ ಮಾತ್ರ ತಣ್ಣಗಾಗುತ್ತಲೇ ಇರುತ್ತದೆ. ಪ್ರತಿ ರಾತ್ರಿಯೂ ಅದೇ ಓರೆ ಕಂಡರೆ, ಪಕ್ಕದ ಕೇಂದ್ರದಲ್ಲಿ ಅದು ಇಲ್ಲದಿದ್ದರೆ, ಥರ್ಮಾಮೀಟರ್ ಕಡೆ ನೋಡಿ.

ಇದನ್ನು ಖಚಿತಪಡಿಸಲು ಪ್ರೋಟಾನ್ ಮ್ಯಾಗ್ನೆಟೊಮೀಟರ್ ಬೇಕು. ಅದು ಒಟ್ಟು ಕ್ಷೇತ್ರ ಎಫ್ ಅನ್ನು ನಿರಪೇಕ್ಷವಾಗಿ ಅಳೆಯುತ್ತದೆ, ತಾಪಮಾನದ ಹಂಗಿಲ್ಲ. ಫ್ಲಕ್ಸ್‌ಗೇಟಿನ ಎಚ್ ಮತ್ತು ಜೆಡ್‌ಗಳ (ಜೆಡ್ ಎಂದರೆ ಕ್ಷೇತ್ರದ ಲಂಬ ಘಟಕ) ವರ್ಗಗಳನ್ನು ಕೂಡಿಸಿ ಮೂಲ ತೆಗೆದು ಎಫ್‌ನಿಂದ ಕಳೆಯಿರಿ. ಈ ವ್ಯತ್ಯಾಸದಲ್ಲಿ ದಿನದ ಅಲೆ ಇದ್ದರೆ ಉಪಕರಣ ತಪ್ಪಿದೆ, ಏಕೆಂದರೆ ನಿಜವಾದ ಕ್ಷೇತ್ರ ಎರಡರಲ್ಲೂ ಒಂದೇ.

ಆದರೆ ಇಲ್ಲಿ ನಮ್ಮ ನಾಡಿನ ಅಕ್ಷಾಂಶಕ್ಕೇ ಸೇರಿದ ಒಂದು ಬಲೆ ಇದೆ, ಹೊರದೇಶದ ಕೈಪಿಡಿಗಳಲ್ಲಿ ಇದಕ್ಕೆ ಒತ್ತು ಕಡಿಮೆ. ಈ ಪರೀಕ್ಷೆ ಎಲ್ಲ ಘಟಕಗಳನ್ನೂ ಸಮನಾಗಿ ನೋಡುವುದಿಲ್ಲ. ಅಲಿಬಾಗ್‌ನಲ್ಲಿ ಕ್ಷೇತ್ರ ನೆಲದತ್ತ ವಾಲುವ ಕೋನ ಸುಮಾರು 26°. ಅಲ್ಲಿ ಎಚ್‌ನ 10 ನ್ಯಾನೊಟೆಸ್ಲಾ ದೋಷ ಈ ವ್ಯತ್ಯಾಸದಲ್ಲಿ 9 ಆಗಿ ಕಾಣುತ್ತದೆ, ಜೆಡ್‌ನದು 4ರ ಮೇಲೆ ಚೂರು. ತಿರುನೆಲ್ವೇಲಿಯಲ್ಲಿ ಕ್ಷೇತ್ರ ಹೆಚ್ಚುಕಡಿಮೆ ನೆಲಕ್ಕೆ ಸಮಾಂತರ. ಅಲ್ಲಿ ಜೆಡ್‌ನ ದೋಷ ಎಷ್ಟಿದ್ದರೂ ವ್ಯತ್ಯಾಸದಲ್ಲಿ ಸುಳಿವೇ ಸಿಗದು. ಇನ್ನು ಪೂರ್ವ–ಪಶ್ಚಿಮ ದಿಕ್ಕಿನ ದೋಷ ಯಾವ ಊರಿನಲ್ಲೂ ಇದರಲ್ಲಿ ಕಾಣುವುದಿಲ್ಲ. ವ್ಯತ್ಯಾಸ ಶೂನ್ಯ ಬಂತೆಂದು ದಕ್ಷಿಣದ ಜೆಡ್ ದತ್ತಾಂಶವನ್ನು ನಂಬಿಕೊಂಡು ಕೂರಬೇಡಿ. ಅದಕ್ಕೆ ನಿರಪೇಕ್ಷ ಅಳತೆಗಳೇ ಗತಿ.

ಹೊರಗಿನ ಗದ್ದಲದಲ್ಲಿ ಅತಿ ಕೆಟ್ಟದ್ದು ಡಿಸಿ ರೈಲು. ಹಳಿಯಿಂದ ನೆಲಕ್ಕೆ ಸೋರುವ ವಿದ್ಯುತ್ತು ಕಿಲೊಮೀಟರುಗಟ್ಟಲೆ ಹರಿಯುತ್ತದೆ. ಮುಂಬೈನ ಟ್ರಾಮುಗಳಿಗೆ ವಿದ್ಯುತ್ ಬರಲಿದೆ ಎಂದಾಗ ಕೊಲಾಬಾದ ಕಾಂತೀಯ ಕೆಲಸವನ್ನು 1904ರಲ್ಲಿ ಸಮುದ್ರದಾಚೆಯ ಅಲಿಬಾಗ್‌ಗೆ ಒಯ್ದದ್ದು ಇದೇ ಕಾರಣಕ್ಕೆ. ಸ್ಥಳಾಂತರಕ್ಕೆ ಮುನ್ನ ಎರಡೂ ಕಡೆ ಏಕಕಾಲಕ್ಕೆ ಅಳೆದು ಜೋಡಿಸಿಕೊಂಡರು, ಹಾಗಾಗಿ ಹತ್ತೊಂಬತ್ತನೇ ಶತಮಾನದ ಸರಣಿ ಇಂದಿಗೂ ಬಳಕೆಗೆ ಬರುತ್ತದೆ. ದಕ್ಷಿಣ ಆಫ್ರಿಕಾದಲ್ಲೂ ಕೇಪ್‌ಟೌನ್‌ನ ವೀಕ್ಷಣಾಲಯ ರೈಲಿನ ವಿದ್ಯುದೀಕರಣದಿಂದಾಗಿ ಹರ್ಮಾನಸ್‌ಗೆ ಹೋಯಿತು. ಬೆಂಗಳೂರಿನ ಮೆಟ್ರೊ ಓಡುವುದು ಮೂರನೇ ಹಳಿಯ 750 ವೋಲ್ಟ್ ಡಿಸಿಯಲ್ಲಿ. ಊರೊಳಗೆ ಸೆನ್ಸರ್ ಇಟ್ಟು ದಿನದ ಅಲೆ ಹಿಡಿಯಲು ಹೊರಟ ವಿದ್ಯಾರ್ಥಿಗಳು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳಿಗ್ಗೆ ಶುರುವಾಗಿ ರಾತ್ರಿ ನಿಲ್ಲುವ ಈ ಗದ್ದಲವೂ ಹಗಲು–ರಾತ್ರಿಯ ಲಯದಲ್ಲೇ ಇರುತ್ತದೆ. ಗುರುತು: ಗದ್ದಲ ಸೂರ್ಯೋದಯಕ್ಕೆ ಮೆಲ್ಲನೆ ಏರದೆ ಮೊದಲ ರೈಲಿಗೆ ಒಮ್ಮೆಲೇ ಏಳುತ್ತದೆ, ಭಾನುವಾರ ಬೇರೆಯಾಗಿರುತ್ತದೆ. ಅಯಾನುಗೋಳಕ್ಕೆ ಭಾನುವಾರವಿಲ್ಲ.

ದಿನದಿಂದ ದಿನಕ್ಕೆ ಸರಿಯುವ ಉಬ್ಬು: ಚಂದ್ರ

ಉಳಿಕೆಯಲ್ಲಿ ಒಂದೆರಡು ನ್ಯಾನೊಟೆಸ್ಲಾದ ಉಬ್ಬೊಂದು ಪ್ರತಿ ದಿನ ಸುಮಾರು 50 ನಿಮಿಷ ತಡವಾಗಿ ಬರುತ್ತಿದ್ದರೆ ಅದು ದೋಷವಲ್ಲ. ಚಂದ್ರನ ಸೆಳೆತದಿಂದ ವಾತಾವರಣದಲ್ಲಿ ಏಳುವ ಉಬ್ಬರವೂ ಅಯಾನುಗಳನ್ನು ತಳ್ಳುತ್ತದೆ, ಅದರ ಮುಖ್ಯ ಆವರ್ತ 12.42 ಗಂಟೆ. ಸೂರ್ಯನ 12 ಗಂಟೆಯ ಅಲೆಗೆ ಇದು ಎಷ್ಟು ಹತ್ತಿರವೆಂದರೆ ಎರಡನ್ನೂ ಬೇರ್ಪಡಿಸಲು ಕನಿಷ್ಠ 14.8 ದಿನಗಳ ದತ್ತಾಂಶ ಬೇಕೇ ಬೇಕು.

ಇಲ್ಲಿ ಪಂಚಾಂಗ ನಿಜಕ್ಕೂ ನೆರವಿಗೆ ಬರುತ್ತದೆ. ಸೂರ್ಯ ಮತ್ತು ಚಂದ್ರರ ನಡುವಿನ ಕೋನ 12° ಹೆಚ್ಚಿದರೆ ಒಂದು ತಿಥಿ, ಈ ಅಲೆಯ ಫೇಸ್ ನಿಂತಿರುವುದೂ ಅದೇ ಕೋನದ ಎರಡರಷ್ಟರ ಮೇಲೆ. ಹಾಗಾಗಿ ಅಮಾವಾಸ್ಯೆಗೂ ಹುಣ್ಣಿಮೆಗೂ ಸೌರಕಾಲದಲ್ಲಿ ಉಬ್ಬು ಒಂದೇ ಜಾಗಕ್ಕೆ ಬೀಳುತ್ತದೆ, ಅಷ್ಟಮಿಯ ಹೊತ್ತಿಗೆ ಉಬ್ಬಿದ್ದಲ್ಲಿ ತಗ್ಗು ಬಂದಿರುತ್ತದೆ. ನಿಮ್ಮ ಉಳಿಕೆಗಳನ್ನು ತಿಥಿಯ ಪ್ರಕಾರ ಗುಂಪು ಮಾಡಿ ಸರಾಸರಿ ತೆಗೆಯಿರಿ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಗುಂಪುಗಳು ಒಂದೇ ರೀತಿ ಇದ್ದು ಎರಡು ಅಷ್ಟಮಿಗಳ ಗುಂಪುಗಳು ತಲೆಕೆಳಗಾಗಿದ್ದರೆ ಚಂದ್ರ ಸಿಕ್ಕಂತೆ.

ಅಪಾಯ ಇರುವುದು ಐದೇ ಶಾಂತ ದಿನಗಳಿಂದ ತಿಂಗಳ ಮಾದರಿ ಮಾಡುವಾಗ. ಆ ಐದೂ ದಿನಗಳು ಅಮಾವಾಸ್ಯೆಯ ಆಸುಪಾಸಿಗೇ ಬಿದ್ದಿದ್ದರೆ ಚಂದ್ರನ ಅಲೆ ರದ್ದಾಗದೆ ಪೂರ್ತಿಯಾಗಿ ಅ₂, ಬ₂ಗಳಿಗೆ ಸೇರಿಕೊಳ್ಳುತ್ತದೆ. ಮುಂದಿನ ತಿಂಗಳ ಶಾಂತ ದಿನಗಳು ಅಷ್ಟಮಿಗೆ ಬಿದ್ದರೆ ಅದೇ ಮೊತ್ತ ಕಳೆದುಹೋಗುತ್ತದೆ. ತಿಂಗಳಿಂದ ತಿಂಗಳಿಗೆ ಎರಡನೆಯ ಅಲೆ ಮಾತ್ರ ಹೊಯ್ದಾಡುತ್ತಿದ್ದರೆ ಇದನ್ನೇ ಮೊದಲು ಶಂಕಿಸಿ. ಹಲವು ವರ್ಷಗಳ ಅದೇ ತಿಂಗಳನ್ನು ಒಟ್ಟುಗೂಡಿಸಿ, ಇಲ್ಲವೇ ಚಂದ್ರನ ಪದವನ್ನು ಸೂತ್ರಕ್ಕೇ ಸೇರಿಸಿ.

ದೋಷದಂತೆ ಕಾಣುವ ಭೂಗೋಳ

ಉತ್ತರ ಭಾರತದ ಕೇಂದ್ರವೊಂದರಲ್ಲಿ ಎಚ್‌ನ ಅಲೆ ಹೆಚ್ಚುಕಡಿಮೆ ಮಾಯವಾಗಿದ್ದರೆ ಉಪಕರಣ ಕೆಟ್ಟಿದೆ ಎಂದುಕೊಳ್ಳಬೇಡಿ. ಅಯಾನುಗೋಳದ ವಿದ್ಯುತ್ತು ಉತ್ತರಾರ್ಧದಲ್ಲಿ ಒಂದು ದೊಡ್ಡ ಸುಳಿಯಾಗಿ ಹರಿಯುತ್ತದೆ, ಅದರ ನಡುಬಿಂದು ಸುಮಾರು 30° ಅಕ್ಷಾಂಶದ ಆಸುಪಾಸಿನಲ್ಲಿ. ನಡುಬಿಂದುವಿನ ದಕ್ಷಿಣಕ್ಕೆ ಎಚ್ ಏರುತ್ತದೆ, ಉತ್ತರಕ್ಕೆ ಇಳಿಯುತ್ತದೆ, ಅಡಿಯಲ್ಲೇ ನಿಂತರೆ ಎರಡೂ ಇಲ್ಲ. ಆ ನಡುಬಿಂದು ದಿನದಿಂದ ದಿನಕ್ಕೆ ಸರಿಯುವುದರಿಂದ ಅಲ್ಲಿನ ಅಲೆಯ ಆಕಾರ ಇವತ್ತಿದ್ದಂತೆ ನಾಳೆ ಇರುವುದಿಲ್ಲ. ಅಲ್ಲಿ ಡಿ ಯನ್ನು ನೋಡಿ, ಅದು ಚೆನ್ನಾಗಿ ಎದ್ದು ಕಾಣುತ್ತಿದ್ದರೆ ಎಲ್ಲ ಸರಿಯಾಗಿದೆ.

ದಕ್ಷಿಣದ ತುದಿಯಲ್ಲಿ ಇದಕ್ಕೆ ವಿರುದ್ಧವಾದ ಕತೆ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ಅಲ್ಲಿ ಕ್ಷೇತ್ರ ನೆಲಕ್ಕೆ ಸಮಾಂತರವಾಗಿರುವುದರಿಂದ ಅಯಾನುಗೋಳದ ವಾಹಕತೆ ಪೂರ್ವ–ಪಶ್ಚಿಮ ದಿಕ್ಕಿನಲ್ಲಿ ವಿಪರೀತ ಹೆಚ್ಚುತ್ತದೆ. ಸುಮಾರು 600 ಕಿ.ಮೀ. ಅಗಲದ ಪಟ್ಟಿಯೊಂದರಲ್ಲಿ ಬಲವಾದ ಹಗಲು ವಿದ್ಯುತ್ತು ಹರಿಯುತ್ತದೆ. 1951ರಲ್ಲಿ ಸಿಡ್ನಿ ಚಾಪ್ಮನ್ ಇದಕ್ಕೆ ಸಮಭಾಜಕ ಎಲೆಕ್ಟ್ರೊಜೆಟ್ ಎಂದು ಹೆಸರಿಟ್ಟರು. ತಿರುನೆಲ್ವೇಲಿಯ ನೂರರ ಅಲೆಗೆ ಕಾರಣ ಇದು. ಅಲ್ಲಿನ ಗರಿ ಹೆಚ್ಚು ಚೂಪಾಗಿರುತ್ತದೆ. ಐದನೆಯ, ಆರನೆಯ ಪದಕ್ಕೆ ನಾನು ಒಪ್ಪುವುದು ಇಲ್ಲಿ ಮಾತ್ರ.

ಒಳ್ಳೆಯ ದಾರಿ ಎಲೆಕ್ಟ್ರೊಜೆಟ್ಟನ್ನೇ ಬೇರ್ಪಡಿಸುವುದು. ಎರಡೂ ಕೇಂದ್ರಗಳ ರಾತ್ರಿಯ ಮಟ್ಟ ತೆಗೆದು, ತಿರುನೆಲ್ವೇಲಿಯ ಎಚ್‌ನಿಂದ ಅಲಿಬಾಗ್‌ನ ಎಚ್ ಕಳೆಯಿರಿ. ಉಂಗುರ ವಿದ್ಯುತ್ತಿನ ಪಾಲು, ದೊಡ್ಡ ಸುಳಿಯ ಬಹುಪಾಲು ಎರಡಕ್ಕೂ ಸಮಾನವಾದ್ದರಿಂದ ಹೋಗಿಬಿಡುತ್ತವೆ, ಪಟ್ಟಿಯ ವಿದ್ಯುತ್ತು ಉಳಿಯುತ್ತದೆ. ಭಾರತದ ಸಂಶೋಧಕರು ಬಹುಕಾಲದಿಂದ ನೆಚ್ಚಿರುವ ವಿಧಾನವಿದು. ಕೆಲವು ದಿನ ಈ ವ್ಯತ್ಯಾಸ ಮಧ್ಯಾಹ್ನದ ಮೇಲೆ ಶೂನ್ಯಕ್ಕಿಂತ ಕೆಳಗಿಳಿಯುತ್ತದೆ. ಚಿಹ್ನೆ ತಪ್ಪಾಯಿತೇ ಎಂದು ಹುಡುಕಬೇಡಿ, ಅಂದು ವಿದ್ಯುತ್ತೇ ತಿರುಗಿ ಪಶ್ಚಿಮಕ್ಕೆ ಹರಿದಿದೆ. 1962ರಲ್ಲಿ ಅಡಿಸ್ ಅಬಾಬಾದ ದತ್ತಾಂಶದಲ್ಲಿ ಪಿಯರ್ ಗುವಾನ್ ಇದನ್ನು ಗುರುತಿಸಿದರು, ಇದಕ್ಕೆ ಪ್ರತಿ-ಎಲೆಕ್ಟ್ರೊಜೆಟ್ (ಎದುರು ದಿಕ್ಕಿನ ಎಲೆಕ್ಟ್ರೊಜೆಟ್) ಎನ್ನುತ್ತಾರೆ. ಇಂಥ ದಿನಗಳನ್ನು ತಿಂಗಳ ಸರಾಸರಿಗೆ ಬೆರೆಸದೆ ಬೇರೆ ಇಡಿ.

ಕರ್ನಾಟಕದ ದಕ್ಷಿಣ ಭಾಗ ಈ ಪಟ್ಟಿಯ ಅಂಚಿನ ಹತ್ತಿರ ಬರುತ್ತದೆ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಅಳೆದ ಅಲೆಯನ್ನು ಅಲಿಬಾಗ್ ಮತ್ತು ತಿರುನೆಲ್ವೇಲಿಗಳ ನಡುವೆ ನೇರ ಗೆರೆ ಎಳೆದು ಊಹಿಸಿದರೆ ತಪ್ಪಾಗುತ್ತದೆ. ಎಲೆಕ್ಟ್ರೊಜೆಟ್‌ನ ಪ್ರಭಾವ ಗೆರೆಯಂತೆ ಇಳಿಯದೆ ಅಂಚಿನಲ್ಲಿ ಕಡಿದಾಗಿ ಬೀಳುತ್ತದೆ.

ಇಡೀ ಗೋಳದ ಮಾದರಿ ತಪ್ಪಿದಾಗ

ಹಲವು ಕೇಂದ್ರಗಳ ಗುಣಾಂಕಗಳನ್ನು ಗೋಳೀಯ ಹಾರ್ಮೋನಿಕ್‌ಗಳಿಂದ, ಅಂದರೆ ಗೋಳದ ಮೈಮೇಲೆ ಹರಡಿದ ಅಲೆಗಳಿಂದ, ಒಂದೇ ಸೂತ್ರಕ್ಕೆ ತರುವುದು ಗೌಸ್ ಹಾಕಿಕೊಟ್ಟ ದಾರಿ. ದೈನಿಕ ವ್ಯತ್ಯಯಕ್ಕೆ ಅದನ್ನು ಅನ್ವಯಿಸಿ, ಮೂಲ ಭೂಮಿಯ ಹೊರಗಿದೆ ಎಂದು 1889ರಲ್ಲಿ ತೋರಿಸಿದವರು ಆರ್ಥರ್ ಶುಸ್ಟರ್. ಅವರು ಬಳಸಿದ್ದು ಸೇಂಟ್ ಪೀಟರ್ಸ್‌ಬರ್ಗ್, ಗ್ರೀನಿಚ್, ಲಿಸ್ಬನ್ ಮತ್ತು ಮುಂಬೈ ಎಂಬ ನಾಲ್ಕೇ ವೀಕ್ಷಣಾಲಯಗಳ ದತ್ತಾಂಶ. ಕೊಲಾಬಾದ ಅಂಕಿಗಳು ಆ ದೊಡ್ಡ ನಿರ್ಣಯದ ಒಂದು ಕಾಲಾಗಿದ್ದವು ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಇಲ್ಲಿ ಮೊದಲು ನೋಡಬೇಕಾದದ್ದು ಪದಗಳ ಶ್ರೇಣಿ. ಶಾಂತ ದಿನದ ಅಲೆಯಲ್ಲಿ ದೊಡ್ಡದಾಗಿ ಬರಬೇಕಾದವು ಪಿ(2,1), ಪಿ(3,2), ಪಿ(4,3), ಪಿ(5,4). ಆವರಣದ ಮೊದಲ ಅಂಕಿ ಶ್ರೇಣಿ, ಅದು ಹೆಚ್ಚಿದಷ್ಟೂ ವಿನ್ಯಾಸ ಸೂಕ್ಷ್ಮ; ಎರಡನೆಯದು ಅಲೆ ದಿನಕ್ಕೆ ಎಷ್ಟು ಸಲ ಮರುಕಳಿಸುತ್ತದೆ ಎಂಬುದು. ಬೇರೆ ಪದಗಳು ಇವನ್ನು ಮೀರಿಸಿದ್ದರೆ ಅಕ್ಷಾಂಶ ಯಾವುದನ್ನು ಕೊಟ್ಟಿದ್ದೀರಿ ಎಂದು ನೋಡಿ. ಭೌಗೋಳಿಕ ಅಕ್ಷಾಂಶ ಕೊಟ್ಟರೆ ನಮ್ಮ ರೇಖಾಂಶದಲ್ಲಿ ಇಡೀ ವಿನ್ಯಾಸ 8–9° ಉತ್ತರಕ್ಕೆ ಸರಿದು ನಿಲ್ಲುತ್ತದೆ, ಆ ಸರಿತವನ್ನು ಹಿಡಿಯಲು ಬೇಡದ ಪದಗಳು ಹುಟ್ಟುತ್ತವೆ. ಕಾಂತೀಯ ಸಮಭಾಜಕದಿಂದ ಎಣಿಸಿದ ಕಾಂತೀಯ ಅಕ್ಷಾಂಶ ಬಳಸಿ.

ಪ್ರಕಟಿತ ಗುಣಾಂಕಗಳ ಜೊತೆ ಹೋಲಿಸಿದಾಗ ಅನುಪಾತ ಪಿ(2,1)ರಲ್ಲಿ ಸರಿಯಾಗಿ 1.732, ಪಿ(3,2)ರಲ್ಲಿ 7.746 ಬಂದರೆ ಭೌತಶಾಸ್ತ್ರದಲ್ಲಿ ಏನೂ ತಪ್ಪಾಗಿಲ್ಲ. ಒಬ್ಬರು ಶ್ಮಿಟ್ ಪ್ರಮಾಣೀಕರಣ, ಅಂದರೆ ಪದಗಳ ಗಾತ್ರವನ್ನು ಹೊಂದಿಸಿಕೊಳ್ಳುವ ಒಂದು ವಾಡಿಕೆ, ಬಳಸಿದ್ದಾರೆ, ಇನ್ನೊಬ್ಬರು ಬಳಸಿಲ್ಲ.

ಹೊರಗಿನ ಪಾಲು, ಒಳಗಿನ ಪಾಲು ಬೇರ್ಪಡಿಸುವಾಗ ಜೆಡ್‌ನ ಚಿಹ್ನೆ ಎಲ್ಲವನ್ನೂ ನಿರ್ಧರಿಸುತ್ತದೆ. ಹೊರಗಿನದನ್ನು ಹೊ, ಒಳಗೆ ಪ್ರೇರಿತವಾದದ್ದನ್ನು ಒ ಎನ್ನೋಣ. ಎರಡನೇ ಶ್ರೇಣಿಯ ಪದಕ್ಕೆ ಸಮತಲ ಘಟಕ ಹೊ + ಒ ಅನ್ನು ಕಾಣುತ್ತದೆ, ಕೆಳಮುಖವಾಗಿ ಧನ ಎಂದು ಹಿಡಿದ ಜೆಡ್ 2ಹೊ − 3ಒ ಅನ್ನು ಕಾಣುತ್ತದೆ. ನಿಜದಲ್ಲಿ ಹೊ = 1, ಒ = 0.4 ಇದ್ದರೆ ಇವು 1.4 ಮತ್ತು 0.8. ಯಾರಾದರೂ ಜೆಡ್ ಅನ್ನು ಮೇಲ್ಮುಖ ಧನವಾಗಿ ಬರೆದಿದ್ದರೆ 0.8ರ ಬದಲು −0.8 ಬಂದು ಉತ್ತರ ಹೊ = 0.68, ಒ = 0.72 ಆಗುತ್ತದೆ. ಒಳಗಿನ ಪಾಲು ಹೊರಗಿನದಕ್ಕಿಂತ ದೊಡ್ಡದು ಎಂದು ಬಂದ ಯಾವ ಫಲಿತಾಂಶವನ್ನೂ ಜೆಡ್ ಪರೀಕ್ಷಿಸದೆ ನಂಬಬೇಡಿ. ಚಿಹ್ನೆ ಸರಿಯಿದ್ದೂ ಒಂದೆರಡು ಕೇಂದ್ರಗಳಲ್ಲಿ ಮಾತ್ರ ಜೆಡ್ ಹೊಂದದಿದ್ದರೆ ಕರಾವಳಿ ನೋಡಿ. ಉಪ್ಪುನೀರು ಒಳ್ಳೆಯ ವಾಹಕ, ಅದರಲ್ಲಿ ಪ್ರೇರಿತವಾಗುವ ವಿದ್ಯುತ್ತು ಪರ್ಯಾಯ ದ್ವೀಪದ ದಕ್ಷಿಣ ತುದಿಯ ಕೇಂದ್ರಗಳ ಜೆಡ್ ಅನ್ನು ಎದ್ದು ಕಾಣುವಷ್ಟು ಬದಲಿಸುತ್ತದೆ. ಗೋಳ ಎಲ್ಲೆಡೆ ಒಂದೇ ವಾಹಕತೆಯದು ಎಂದು ನಂಬಿದ ಮಾದರಿ ಅದನ್ನು ಹಿಡಿಯಲಾರದು.

ಎಲೆಕ್ಟ್ರೊಜೆಟ್ಟನ್ನು ಬೇರ್ಪಡಿಸದೆ ಇಲ್ಲಿಗೆ ತಂದರೆ ಇನ್ನೊಂದು ತೊಂದರೆ. 600 ಕಿ.ಮೀ. ಅಗಲದ ಪಟ್ಟಿಯನ್ನು ಬಿಡಿಸಲು 30ಕ್ಕೂ ಮಿಕ್ಕ ಶ್ರೇಣಿ ಬೇಕು, ಅಷ್ಟನ್ನು ಹೊರುವ ಕೇಂದ್ರಗಳು ನಮ್ಮಲ್ಲಿಲ್ಲ. ಕಡಿಮೆ ಶ್ರೇಣಿಯಲ್ಲಿ ಹೊಂದಿಸಿದರೆ ಹೈದರಾಬಾದ್, ಅಲಿಬಾಗ್‌ಗಳಲ್ಲಿ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಎಂಬ ಅಲೆದಾಟ ಬರುತ್ತದೆ. ಸಮಭಾಜಕದ ಕೇಂದ್ರಗಳನ್ನು ತೆಗೆದು ಮತ್ತೆ ಹೊಂದಿಸಿ. ಅಲೆದಾಟ ನಿಂತರೆ ಕಾರಣ ಅದೇ.

ಭಾರತದ ಕೇಂದ್ರಗಳೆಲ್ಲ ಕಿರಿದಾದ ರೇಖಾಂಶದ ಪಟ್ಟಿಯಲ್ಲಿವೆ. ಹಾಗಾಗಿ ನಾವು ಭೂಮಿಯ ತಿರುಗುವಿಕೆಯನ್ನೇ ರೇಖಾಂಶದ ಬದಲು ಬಳಸುತ್ತೇವೆ: ಸುಳಿ ಸೂರ್ಯನ ಕೆಳಗೆ ಸ್ಥಿರವಾಗಿ ನಿಂತಿದೆ, ನಾವು ಅದರಡಿ ಹಾದುಹೋಗುತ್ತಿದ್ದೇವೆ ಎಂಬ ಊಹೆ. ದಿನದ ಮಧ್ಯದಲ್ಲಿ ಸುಳಿಯೇ ಬದಲಾದರೆ, ಪ್ರತಿ-ಎಲೆಕ್ಟ್ರೊಜೆಟ್‌ನ ಮಧ್ಯಾಹ್ನ ಆಗುವಂತೆ, ಆ ಬದಲಾವಣೆಯನ್ನು ಮಾದರಿ ಪೂರ್ವ–ಪಶ್ಚಿಮದ ವಿನ್ಯಾಸವಾಗಿ ಬರೆಯುತ್ತದೆ. ಇದನ್ನು ಸೂತ್ರದೊಳಗಿಂದ ಪತ್ತೆ ಮಾಡಲು ಬಾರದು, ದೂರದ ರೇಖಾಂಶದ ಒಂದು ಕೇಂದ್ರವಾದರೂ ಬೇಕು.

ಎಲ್ಲ ಸರಿಪಡಿಸಿದಿರಿ ಎನಿಸಿದ ಮೇಲೆ ಹೈದರಾಬಾದನ್ನು ಹೊರಗಿಟ್ಟು ಉಳಿದ ಕೇಂದ್ರಗಳಿಂದ ಮಾದರಿ ಕಟ್ಟಿ, ಅದರಿಂದ ಹೈದರಾಬಾದಿನ ಎಚ್, ಡಿ, ಜೆಡ್ ಮೂರನ್ನೂ ಊಹಿಸಿ. ಎಚ್ ಮತ್ತು ಡಿ ಕೆಲವೇ ನ್ಯಾನೊಟೆಸ್ಲಾ ಒಳಗೆ ಕೂತು ಜೆಡ್ ತಪ್ಪಿದರೆ ಒಳಗಿನ ಪಾಲಿಗೆ ಮರಳಿ. ಮೂರೂ ಒಂದೇ ನಿಮಿಷದಷ್ಟು ಸರಿದಿದ್ದರೆ ಗಡಿಯಾರಕ್ಕೆ ಮರಳಿ. ಮೂರೂ ಕೂತರೆ ಇನ್ನೊಂದು ಕೇಂದ್ರವನ್ನು ಹೊರಗಿಟ್ಟು ಅದನ್ನೇ ಮತ್ತೆ ಮಾಡಿ.